ನಿಧಾನ ಹೋಗುವಾಗ ಡಿಸಿಟಿ ಗೇರ್‌ಬಾಕ್ಸ್ ಒದೆಯುತ್ತದೆ: ಗುಣವಾ, ರೋಗವಾ?

ಎರಡೇಪೆಡಲ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಬರೆಯಲೇಬೇಕಾಯಿತು.

ಐದು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತೆಗೆದುಕೊಂಡೆ. ಎರಡು ಸೀಟು, ಹಿಂದಿನ ಚಕ್ರಕ್ಕೆ ಡ್ರೈವ್, 7 ಗೇರಿನ ವೆಟ್ ಕ್ಲಚ್ ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಕ್ಲಚ್ ಎಣ್ಣೆಯಲ್ಲಿ ಮುಳುಗಿರುವಂಥದ್ದು), ಓಡಿರುವುದು 52,000 ಕಿ.ಮೀ. ಯಾವ ಕಂಪನಿ ಅಂತ ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಎರಡನೇ ಉತ್ತರದಿಂದಲೇ ಬ್ರ್ಯಾಂಡ್ ಜಗಳ ಶುರುವಾಗುತ್ತದೆ, ನನ್ನ ಪ್ರಶ್ನೆ ಮೂಲೆಗೆ ಬೀಳುತ್ತದೆ.

ಖಾಲಿ ರಸ್ತೆಯಲ್ಲಿ ಈ ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ. 3ರಿಂದ 4, 4ರಿಂದ 5, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಆರ್‌ಪಿಎಂ ಮುಳ್ಳು ಬಿದ್ದಾಗಲೇ ಗೊತ್ತಾಗಬೇಕು ಗೇರು ಬದಲಾಯಿತು ಅಂತ. ಆದರೆ 15 ಕಿ.ಮೀ. ವೇಗಕ್ಕಿಂತ ಕೆಳಗೆ ಬಂದರೆ ಇದೇ ಕಾರಾ ಅನ್ನಿಸುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ 1ರಿಂದ 2ಕ್ಕೆ ಹೋಗುವುದು ಒರಟು, ಯಾರೋ ಸೀಟಿಗೆ ಮೊಣಕಾಲು ಕೊಟ್ಟ ಹಾಗೆ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ತೆವಳಿದ ಮೇಲೆ, ಬ್ರೇಕ್ ಬಿಟ್ಟಾಗ ಕಾರು ಗದಗದ ನಡುಗಿಕೊಂಡು ಮುಂದೆ ಹೋಗುತ್ತದೆ. ಎಲ್ಲಕ್ಕಿಂತ ಸಿಟ್ಟು ಬರುವುದು ಸಿಗ್ನಲ್‌ಗೆ ನಿಲ್ಲಿಸುವಾಗ. ಹತ್ತು ಹನ್ನೆರಡು ಕಿ.ಮೀ. ವೇಗಕ್ಕೆ ಬರುತ್ತಿದ್ದ ಹಾಗೆ 2ರಿಂದ 1ಕ್ಕೆ ಬೀಳುತ್ತದಲ್ಲ, ಆಗ ಒಂದು ಜರ್ಕ್, ಕೆಲವು ಸಲ ಅದರ ಜೊತೆಗೆ ಹಿಂದಿನಿಂದ 'ಟಕ್' ಅಂತ ಶಬ್ದ.

ಸರ್ವಿಸ್‌ನವರು ಸ್ಕ್ಯಾನರ್ ಹಾಕಿ ನೋಡಿ, ಎರರ್ ಕೋಡ್ ಏನೂ ಇಲ್ಲ, ಈ ಥರದ ಗೇರ್‌ಬಾಕ್ಸಿನ ಗುಣವೇ ಇದು ಅಂತ ಕೀ ಕೈಗೆ ಕೊಟ್ಟರು. ನನ್ನ ಹಿಂದಿನ ಕಾರು ಮಾಮೂಲಿ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ ಇದ್ದದ್ದು. ಅದರಲ್ಲಿ ಒಂದು ದಿನವೂ ಹೀಗಾಗಿಲ್ಲ. ಇಷ್ಟು ಕ್ಲೆವರ್ ಗೇರ್‌ಬಾಕ್ಸ್‌ಗೆ ನೆಟ್ಟಗೆ ನಿಲ್ಲುವುದಕ್ಕೆ ಬರುವುದಿಲ್ಲ ಅಂದರೆ ನಂಬುವುದು ಹೇಗೆ? ಇದು ಗುಣವಾ, ರೋಗವಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

---

ತಿರುವುಪ್ರೇಮಿ:

ಗುಣ. ನೆಮ್ಮದಿಯಾಗಿ ಮಲಗಿ.

ಡಿಸಿಟಿ ಬೆಳೆದದ್ದು ಎಲ್ಲಿ ಅಂತ ನೋಡಿ. 80ರ ದಶಕದಲ್ಲಿ ಪೋರ್ಷೆ 956 ಮತ್ತು 962 ರೇಸ್ ಕಾರುಗಳಲ್ಲಿ ಇದನ್ನು ಹಾಕಿ ಓಡಿಸಿದರು, ಆಡಿ ತನ್ನ ಸ್ಪೋರ್ಟ್ ಕ್ವಾಟ್ರೊ ಎಸ್1 ರ‍್ಯಾಲಿ ಕಾರಿನಲ್ಲಿ ಪ್ರಯೋಗ ಮಾಡಿತು. ರೇಸಿನ ಕುದುರೆಯನ್ನು ತಂದು ಗಾಡಿಗೆ ಕಟ್ಟಿದರೆ ಒದೆಯದೇ ಇರುತ್ತದಾ? ನಾನು ಮಾಡುವುದು ಇಷ್ಟೇ: ಸ್ಪೋರ್ಟ್ ಮೋಡ್‌ಗೆ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಗಟ್ಟಿಯಾಗಿ ಒತ್ತಿ. ಅನುಮಾನದಲ್ಲಿ ಒತ್ತಿದರೆ ಗೇರ್‌ಬಾಕ್ಸ್‌ಗೂ ಅನುಮಾನ ಬರುತ್ತದೆ.

---

ಹಳೇಗೇರು:

ಮೇಲಿನವರು ಹೇಳಿದ್ದರಲ್ಲಿ ಅರ್ಧ ಸರಿ. ಸ್ಪೋರ್ಟ್ ಮೋಡ್ ಸಲಹೆ ಮಾತ್ರ ಬೇಡ, ಟ್ರಾಫಿಕ್‌ನಲ್ಲಿ ಅದು ಜರ್ಕ್ ಜಾಸ್ತಿ ಮಾಡುತ್ತದೆ. ಕೆಳಗಿನ ಗೇರನ್ನು ಹಿಡಿದುಕೊಂಡು ಕೂರುತ್ತದೆ, ಪೆಡಲ್ ಸ್ವಲ್ಪ ಅಲ್ಲಾಡಿದರೂ ಎಂಜಿನ್ ಎಗರುತ್ತದೆ.

ನಾನು ಹಲವು ವರ್ಷದಿಂದ ಗೇರ್‌ಬಾಕ್ಸ್ ಬಿಚ್ಚುವ ಕೆಲಸದಲ್ಲಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಟೈಮ್ ಇದ್ದಾಗ ಓದಿ.

ಮೊದಲು ನಿಮ್ಮ ಹಳೇ ಕಾರು. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಇರುವುದು ಎಣ್ಣೆ. ಒಂದು ಫ್ಯಾನು ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಎದುರಿನ ಫ್ಯಾನನ್ನು ತಿರುಗಿಸುತ್ತದೆ. ಗಟ್ಟಿ ಸಂಬಂಧವೇ ಇಲ್ಲ. ನೀವು ಬ್ರೇಕ್ ಒತ್ತಿ ಎಷ್ಟು ಹೊತ್ತು ನಿಂತರೂ ಎಣ್ಣೆ ಎಣ್ಣೆಯೊಳಗೇ ಸುತ್ತುತ್ತಿರುತ್ತದೆ, ಏನೂ ಸವೆಯುವುದಿಲ್ಲ. ಹೊರಡುವಾಗ ಎಂಜಿನ್ ತಿರುಗಿಸುವ ಬಲವನ್ನು, ಅಂದರೆ ಟಾರ್ಕನ್ನು, ಸುಮಾರು 2 ಪಟ್ಟು ಮಾಡಿ ಬೇರೆ ಕೊಡುತ್ತದೆ. ಎಂಜಿನ್‌ನಿಂದ ಬರುವ ಒರಟುತನವನ್ನೆಲ್ಲ ಅದು ನುಂಗಿಕೊಳ್ಳುತ್ತದೆ. ನಿಮಗೆ ಅದರ ಬೆಲೆ ಗೊತ್ತಾಗುವುದು ಅದು ಇಲ್ಲದ ಕಾರಿಗೆ ಬಂದಾಗ.

ಡಿಸಿಟಿಯಲ್ಲಿ ಇರುವುದು ಒಂದನ್ನೊಂದು ಒತ್ತಿ ಹಿಡಿಯುವ ಪ್ಲೇಟುಗಳ ನಿಜವಾದ ಕ್ಲಚ್. ಎರಡು. ಒಂದರ ಮೇಲೆ 1, 3, 5, 7. ಇನ್ನೊಂದರ ಮೇಲೆ 2, 4, 6. ರಿವರ್ಸ್ ಗೇರು ಒಂದೊಂದು ಬಾಕ್ಸಿನಲ್ಲಿ ಒಂದೊಂದು ಕಡೆ. ನೀವು 3ರಲ್ಲಿ ಹೋಗುತ್ತಿರುವಾಗ ಇನ್ನೊಂದು ಶಾಫ್ಟಿನಲ್ಲಿ 4 ಆಗಲೇ ಸೇರಿ ಕಾಯುತ್ತಿರುತ್ತದೆ, ಒಂದು ಕ್ಲಚ್ ಬಿಡುತ್ತಿದ್ದ ಹಾಗೆ ಇನ್ನೊಂದು ಹಿಡಿಯುತ್ತದೆ. ಅದಕ್ಕೇ ಆ ಬೆಣ್ಣೆ. ಆದರೆ ಎಡಗಾಲಿನ ಕೆಲಸ ಯಾರೋ ಮಾಡಲೇಬೇಕಲ್ಲ? ಇಲ್ಲಿ ಅದನ್ನು ಕಂಪ್ಯೂಟರ್ ಮಾಡುತ್ತದೆ. ಅದಕ್ಕೆ ನಿಮ್ಮ ಮುಂದೆ ನಿಂತಿರುವ ಬಸ್ಸು ಕಾಣುವುದಿಲ್ಲ. ಕಾಣುವುದು ಪೆಡಲ್ ಎಷ್ಟು ಒತ್ತಿದೆ, ಬ್ರೇಕ್ ಎಷ್ಟಿದೆ, ಶಾಫ್ಟುಗಳು ಎಷ್ಟು ವೇಗದಲ್ಲಿ ತಿರುಗುತ್ತಿವೆ, ಎಣ್ಣೆ ಎಷ್ಟು ಬಿಸಿ ಇದೆ, ಇಷ್ಟೇ.

ಈಗ ಒಂದು ಸಣ್ಣ ಲೆಕ್ಕ. ಅಂದಾಜಿಗೆ 1ನೇ ಗೇರಿನ ಅನುಪಾತ 4, ಚಕ್ರಕ್ಕೆ ಮುಂಚಿನ ಕೊನೆಯ ಗೇರು ಜೋಡಿ, ಅಂದರೆ ಫೈನಲ್ ಡ್ರೈವ್, 3.5 ಅಂತ ಇಟ್ಟುಕೊಳ್ಳಿ. ಗುಣಿಸಿದರೆ 14, ಅಂದರೆ ಎಂಜಿನ್ 14 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟೈರು ಒಂದು ಸುತ್ತಿಗೆ 2 ಮೀಟರ್ ಹೋಗುತ್ತದೆ, ಐಡಲ್, ಅಂದರೆ ಆಕ್ಸಿಲರೇಟರ್ ಮುಟ್ಟದಾಗ ಎಂಜಿನ್ ತಿರುಗುವ ವೇಗ, 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು). ಕ್ಲಚ್ ಪೂರ್ತಿ ಹಿಡಿದಿದ್ದರೆ ಐಡಲ್‌ನಲ್ಲಿ ಕಾರು ಹೋಗುವ ವೇಗ ಗಂಟೆಗೆ ಸುಮಾರು 7 ಕಿ.ಮೀ. ಅಂದರೆ 7ಕ್ಕಿಂತ ನಿಧಾನ ಹೋಗಬೇಕಾದರೆ ಕ್ಲಚ್ ಜಾರಲೇಬೇಕು, ಬೇರೆ ದಾರಿಯೇ ಇಲ್ಲ, ಪೂರ್ತಿ ಹಿಡಿದರೆ ಎಂಜಿನ್ ಕೆಮ್ಮಿ ನಿಂತುಬಿಡುತ್ತದೆ. ಟ್ರಾಫಿಕ್‌ನಲ್ಲಿ ನೀವು ತೆವಳುವುದು 3, 4, 5 ಕಿ.ಮೀ. ವೇಗದಲ್ಲಿ. ಆ ಹೊತ್ತೆಲ್ಲ ನಿಮ್ಮ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ನಿಂತಿರುತ್ತದೆ. ಮ್ಯಾನ್ಯುಯಲ್ ಕಾರಿನಲ್ಲಿ ಎಡಗಾಲು ನೋಯುವುದು ಇದೇ ಕೆಲಸಕ್ಕೆ.

ಇನ್ನು ನಿಮ್ಮ 2ರಿಂದ 1. 2ನೇ ಗೇರು 2.4 ಅಂದುಕೊಳ್ಳಿ. 12 ಕಿ.ಮೀ. ವೇಗದಲ್ಲಿ 2ರಲ್ಲಿದ್ದರೆ ಎಂಜಿನ್ 840ರ ಹತ್ತಿರ ತಿರುಗುತ್ತಿರುತ್ತದೆ. ಅದೇ ವೇಗದಲ್ಲಿ 1ಕ್ಕೆ ಬಂದರೆ 1,400 ಆಗಬೇಕು. ಈ 560 ಆರ್‌ಪಿಎಂ ಎಲ್ಲಿಂದ ತರುವುದು? ಒಂದೋ ಎಂಜಿನ್ ತಾನೇ ಸ್ವಲ್ಪ ಥ್ರಾಟಲ್ ಕೊಟ್ಟುಕೊಂಡು ಏರಬೇಕು, ಇಲ್ಲ ಕ್ಲಚ್ ಹಿಡಿದು ಕಾರಿನ ಓಟದಿಂದಲೇ ಎಂಜಿನ್ನನ್ನು ಮೇಲೆ ಎಳೆಯಬೇಕು. ಮೊದಲನೆಯದು ಒಂಚೂರು ಜಾಸ್ತಿಯಾದರೆ ಕಾರು ಮುಂದಕ್ಕೆ ತಳ್ಳುತ್ತದೆ. ಎರಡನೆಯದು ಜಾಸ್ತಿಯಾದರೆ ಮೂಗು ಬಾಗುತ್ತದೆ. 6ರಿಂದ 7ಕ್ಕೆ ಹೋಗುವಾಗ ಅನುಪಾತದ ವ್ಯತ್ಯಾಸ ಸಾಮಾನ್ಯವಾಗಿ ಇದರ ಅರ್ಧವೂ ಇರುವುದಿಲ್ಲ, ಕಾರಿನ ಓಟದ ಬಲವೂ ದೊಡ್ಡದು, ಹಾಗಾಗಿ ತಪ್ಪಾದರೂ ಗೊತ್ತಾಗುವುದಿಲ್ಲ. 1ನೇ ಗೇರಿನಲ್ಲಿ ಎಂಜಿನ್ನಿನ ಸಣ್ಣ ತಪ್ಪು ಚಕ್ರಕ್ಕೆ ಹೋಗುವಷ್ಟರಲ್ಲಿ 14 ಪಟ್ಟಾಗಿರುತ್ತದೆ.

ಇದರ ಮೇಲೆ ಇನ್ನೊಂದು ತೊಂದರೆ ಇದೆ, ಊಹೆಯದು. 2ರಲ್ಲಿ 15 ಕಿ.ಮೀ. ವೇಗದಲ್ಲಿದ್ದೀರಿ. ಪಕ್ಕದ ಶಾಫ್ಟಿನಲ್ಲಿ 1 ಇಡಬೇಕಾ, 3 ಇಡಬೇಕಾ? ಬ್ರೇಕ್ ಮುಟ್ಟಿದಿರಿ, 1 ತಂದಿಟ್ಟಿತು. ಅಷ್ಟರಲ್ಲಿ ಮುಂದಿನ ಕಾರು ಹೊರಟಿತು, ನೀವು ಒತ್ತಿದಿರಿ, ಈಗ 1 ತೆಗೆದು 3 ಹಾಕಬೇಕು. ಮತ್ತೆ ಬ್ರೇಕ್. ಮತ್ತೆ 1. ಗೇರು ಮೊದಲೇ ಸೇರಿದ್ದರೆ ಮಾತ್ರ ಡಿಸಿಟಿ ಚುರುಕು. ಸೇರಿಲ್ಲದಿದ್ದರೆ ಗೇರು ಸೇರಿಸುವ ಫೋರ್ಕ್ ಸರಿಯಬೇಕು, ಸಿಂಕ್ರೊ ಅನ್ನುವ ಉಂಗುರ ವೇಗ ಹೊಂದಿಸಬೇಕು, ಆಮೇಲೆ ಕ್ಲಚ್. 3ರಿಂದ ನೇರ 1ಕ್ಕೆ ಬರಬೇಕಾದರಂತೂ ಎರಡೂ ಒಂದೇ ಶಾಫ್ಟಿನಲ್ಲಿವೆ, ಒಂದು ಬಿಡುತ್ತಾ ಇನ್ನೊಂದು ಹಿಡಿಯುವ ಆಟವೇ ನಡೆಯುವುದಿಲ್ಲ. ಖಾಲಿ ರಸ್ತೆಯಲ್ಲಿ ಇದರ ಊಹೆ ಹೆಚ್ಚಾಗಿ ಸರಿ ಹೋಗುತ್ತದೆ. ಟ್ರಾಫಿಕ್‌ನಲ್ಲಿ ನಾವೇ ಏನು ಮಾಡುತ್ತೇವೆ ಅಂತ ನಮಗೇ ಗೊತ್ತಿರುವುದಿಲ್ಲ, ಅದಕ್ಕೆ ಹೇಗೆ ಗೊತ್ತಾಗಬೇಕು.

ಸ್ಪೋರ್ಟ್ಸ್ ಕಾರಾದರೆ ಇದೆಲ್ಲ ಇನ್ನೂ ಚೆನ್ನಾಗಿ ಮೈಗೆ ತಾಕುತ್ತದೆ. ಎಂಜಿನ್, ಗೇರ್‌ಬಾಕ್ಸ್ ಹಿಡಿದು ನಿಲ್ಲಿಸುವ ಮೌಂಟ್‌ಗಳ ರಬ್ಬರ್ ಗಟ್ಟಿ, ಸಸ್ಪೆನ್ಷನ್‌ನ ರಬ್ಬರ್ ಬುಷ್ ಗಟ್ಟಿ, ಒಂದೇ ಚಕ್ರ ಸುಮ್ನೆ ತಿರುಗದ ಹಾಗೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರಬಹುದು, ಎಂಜಿನ್ ಬೇಗ ಏರಿ ಬೇಗ ಇಳಿಯುತ್ತದೆ. ಫ್ಯಾಮಿಲಿ ಕಾರಿನಲ್ಲಿ ರಬ್ಬರ್ ನುಂಗಿಬಿಡುವ ಜರ್ಕ್ ನಿಮ್ಮ ಕಾರಿನಲ್ಲಿ ನೇರ ಬೆನ್ನಿಗೆ ಬರುತ್ತದೆ.

ಇಷ್ಟೆಲ್ಲ ಹೇಳಿ, ಹಾಗಾದರೆ ಗುಣವೇ ಅಂತ ಮುಗಿಸುತ್ತೇನೆ ಅಂದುಕೊಳ್ಳಬೇಡಿ. ನೀವು ಬರೆದಿರುವುದು ಮೂರು ಬೇರೆ ಬೇರೆ ದೂರು. ಮೂರನ್ನೂ 'ಜರ್ಕ್' ಅಂತ ಒಂದೇ ಚೀಲಕ್ಕೆ ಹಾಕಿ ಸರ್ವಿಸ್‌ನವರ ಮುಂದೆ ಇಟ್ಟರೆ ಅವರು ಕೊಡುವ ಉತ್ತರವೂ ಒಂದೇ ಇರುತ್ತದೆ. ಬೆಳಗಿನದು ನನಗೆ ಗುಣ ಅನ್ನಿಸುತ್ತದೆ. ಈ ಕ್ಲಚ್ಚನ್ನು ಒತ್ತುವುದು ಎಣ್ಣೆಯ ಒತ್ತಡ, ಎಣ್ಣೆ ತಣ್ಣಗಿದ್ದಾಗ ದಪ್ಪ, ವಾಲ್ವ್ ತೆರೆದರೂ ಒತ್ತಡ ತಡವಾಗಿ ಏರುತ್ತದೆ, ಬಿಡಬೇಕಾದ ಕ್ಲಚ್ ಪ್ಲೇಟುಗಳು ಅಂಟಿಕೊಂಡೇ ಎಳೆಯುತ್ತವೆ. ಬಿಸಿಯಾದ ಮೇಲಿನ ನಡುಕ ಅನುಮಾನದ್ದು. 'ಟಕ್' ಶಬ್ದ ಇನ್ನೂ ಅನುಮಾನದ್ದು.

ಎರಡು ಪ್ರಯೋಗ ಮಾಡಿ, ಉಪಕರಣ ಏನೂ ಬೇಡ. ಕಾರು ಚೆನ್ನಾಗಿ ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ಬ್ರೇಕ್ ಪೂರ್ತಿ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ತೆವಳಲು ಬಿಡಿ. ನಡುಕ ಯಾವ ವೇಗದಲ್ಲಿ ನಿಲ್ಲುತ್ತದೆ ನೋಡಿ. 7, 8 ಕಿ.ಮೀ. ದಾಟಿ ಕ್ಲಚ್ ಪೂರ್ತಿ ಹಿಡಿದ ಕೂಡಲೇ ನಿಂತರೆ ಅದು ಕ್ಲಚ್ಚಿನದೇ. ಆಮೇಲೂ ಮುಂದುವರಿದರೆ ಎಂಜಿನ್ ಮಿಸ್‌ಫೈರ್ (ಇಂಧನ ಸರಿಯಾಗಿ ಉರಿಯದಿರುವುದು), ಮೌಂಟ್, ಈ ಕಡೆ ಹುಡುಕಬೇಕು. ಇನ್ನೊಂದು, ಮ್ಯಾನ್ಯುಯಲ್ ಮೋಡ್‌ನಲ್ಲಿ 2ನೇ ಗೇರಿಗೆ ಹಾಕಿ 25 ಕಿ.ಮೀ. ವೇಗದಲ್ಲಿ ಹೋಗುತ್ತಾ ಪೆಡಲ್ ಬಿಡಿ, ಒತ್ತಿ, ಬಿಡಿ, ಒತ್ತಿ. ಗೇರು ಬದಲಾಗುತ್ತಿಲ್ಲ, ಕ್ಲಚ್ ಹಿಡಿದೇ ಇದೆ. ಆದರೂ 'ಟಕ್' ಬಂದರೆ ಗೇರ್‌ಬಾಕ್ಸಿನ ಬುದ್ಧಿಯನ್ನು ಬೈಯಬೇಡಿ, ಸವೆದಿರುವುದು ಬೇರೆ ಏನೋ.

---

ಎಣ್ಣೆಕೈ:

'ಗುಣ' ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನನಗೂ ಅದೇ ಹೇಳಿದ್ದರು. ಎರಡು ವರ್ಷ ಹಾಗೇ ಓಡಿಸಿದೆ.

ನನ್ನ ಕಾರಿನಲ್ಲೂ ಬಿಸಿಯಾದರೆ ನಡುಕ. ಕಾರಣ ಏನು ಗೊತ್ತಾ? ನನಗಿಂತ ಮುಂಚೆ ಯಾರೋ ಎಣ್ಣೆ ಬದಲಿಸಿದ್ದರು, ಆದರೆ ಲೆವೆಲ್ ಸರಿಯಾಗಿ ನೋಡಿರಲಿಲ್ಲ. ಡಿಸಿಟಿಯಲ್ಲಿ ಲೆವೆಲ್ ನೋಡುವುದು ಎಂಜಿನ್ ಆಯಿಲ್ ನೋಡಿದ ಹಾಗಲ್ಲ, ಬಹಳಷ್ಟು ಬಾಕ್ಸುಗಳಿಗೆ ಡಿಪ್‌ಸ್ಟಿಕ್ಕೇ ಇಲ್ಲ. ಕಾರು ಮಟ್ಟವಾಗಿ ನಿಂತಿರಬೇಕು, ಎಣ್ಣೆ ಕಂಪನಿ ಹೇಳಿದ ಉಷ್ಣತೆಯಲ್ಲೇ ಇರಬೇಕು, ಎಂಜಿನ್ ಓಡುತ್ತಿರಬೇಕಾ ಬೇಡವಾ ಅಂತಲೂ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದಲ್ಲ, ತಪ್ಪು ಉಷ್ಣತೆಯಲ್ಲಿ ನೋಡಿದರೆ ಲೆವೆಲ್ಲೇ ಸುಳ್ಳು. ನನ್ನದರಲ್ಲಿ ಅರ್ಧ ಲೀಟರ್‌ಗಿಂತ ಜಾಸ್ತಿ ಕಡಿಮೆ ಇತ್ತು. ಕೋಡ್ ಒಂದೂ ಬಂದಿರಲಿಲ್ಲ! ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲ ಅಂದರೆ ಕಂಪ್ಯೂಟರ್‌ಗೆ ಗೊತ್ತಾಗುವಂಥ ರೋಗ ಇಲ್ಲ ಅಂತ ಅರ್ಥ, ಅಷ್ಟೇ.

ಎಣ್ಣೆಯ ಜಾತಿಯೂ ಮುಖ್ಯ. ವೆಟ್ ಕ್ಲಚ್ಚಿಗೆ ಎಣ್ಣೆ ಬರೀ ತಂಪು ಮಾಡುವುದಿಲ್ಲ, ಉಜ್ಜುವಿಕೆ ಹೇಗಿರಬೇಕು ಅಂತ ತೀರ್ಮಾನಿಸುವುದೂ ಅದರಲ್ಲಿರುವ ರಾಸಾಯನಿಕಗಳೇ. ಅವು ಮುಗಿದರೆ ಪ್ಲೇಟು ಹಿಡಿ-ಬಿಡು, ಹಿಡಿ-ಬಿಡು ಅಂತ ಕುಣಿಯುತ್ತದೆ. ಕುರ್ಚಿಯನ್ನು ನೆಲದ ಮೇಲೆ ನಿಧಾನ ಎಳೆದರೆ ಕಿರ್ರ್ ಅಂತ ಕುಣಿಯುತ್ತದಲ್ವಾ, ಅದೇ ಕಥೆ. ಕೆಲವು ಬಾಕ್ಸುಗಳಲ್ಲಿ ಎರಡು ಎಣ್ಣೆ ಇರುತ್ತದೆ ಅನ್ನುವುದೂ ನೆನಪಿರಲಿ. ಪೋರ್ಷೆಯ 7 ಗೇರಿನ ಡಿಸಿಟಿ, ಪಿಡಿಕೆ ಅಂತಾರಲ್ಲ, ಅದರಲ್ಲಿ ಕ್ಲಚ್ ಕಡೆಗೆ ಒಂದು, ಗೇರುಗಳ ಕಡೆಗೆ ಬೇರೆ. ಒಂದನ್ನು ಬದಲಿಸಿ ಎರಡೂ ಆಯಿತು ಅಂದುಕೊಂಡವರನ್ನು ನೋಡಿದ್ದೇನೆ.

'ಲೈಫ್‌ಟೈಮ್ ಎಣ್ಣೆ' ಅಂತ ಯಾರಾದರೂ ಹೇಳಿದರೆ, ಯಾರ ಲೈಫು ಅಂತ ಕೇಳಿ.

---

ಬ್ರೇಕ್‌ಮೊದಲು:

ಎಣ್ಣೆ, ಮೌಂಟ್ ಎಲ್ಲ ನೋಡಿಸಿ, ಬೇಡ ಅನ್ನುವುದಿಲ್ಲ. ಆದರೆ ಪಾದದ ಬಗ್ಗೆ ಯಾರೂ ಮಾತಾಡಿಲ್ಲ. ಟಾರ್ಕ್ ಕನ್ವರ್ಟರ್‌ನಿಂದ ಬಂದವರೆಲ್ಲ ಮಾಡುವ ಒಂದು ತಪ್ಪಿದೆ, ನಾನೂ ಮಾಡಿದ್ದೇನೆ. ಬ್ರೇಕ್ ಮೇಲೆ ಪಾದವನ್ನು ತೂಗುತ್ತಾ ಇಂಚಿಂಚು ಹೋಗುವುದು.

ಡಿಸಿಟಿಗೆ ಇದು ನರಕ. ಬ್ರೇಕ್ ಗಟ್ಟಿ ಒತ್ತಿದರೆ ಅದು ಕ್ಲಚ್ ಬಿಡುತ್ತದೆ, ಪೂರ್ತಿ ಬಿಟ್ಟರೆ ಹಿಡಿಯುತ್ತದೆ. ನಡುವೆ ತೂಗಾಡಿದರೆ ಏನು ಮಾಡಬೇಕು ಪಾಪ? ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ, ಆ ಗೊಂದಲವೇ ನಿಮ್ಮ ಸೀಟಿಗೆ ಬರುತ್ತದೆ. ನಾನು ಈಗ ಮುಂದಿನ ಕಾರಿಗೂ ನನಗೂ ಒಂದು ಕಾರಿನಷ್ಟು ಜಾಗ ಆಗುವವರೆಗೆ ಬ್ರೇಕ್ ಗಟ್ಟಿಯಾಗಿ ಒತ್ತಿ ನಿಂತಿರುತ್ತೇನೆ, ಆಮೇಲೆ ಪೂರ್ತಿ ಬಿಟ್ಟು ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ನಿಲ್ಲುವಾಗಲೂ ಅಷ್ಟೇ. ಕೊನೆಯ ಹದಿನೈದು ಮೀಟರ್ ಬ್ರೇಕ್ ಅನ್ನು ಒಂದೇ ಸಮ ಹಿಡಿಯಿರಿ. 13ರ ಹತ್ತಿರ ಬಂದಾಗ ಪಾದ ಸಡಿಲಿಸಿ, 11ಕ್ಕೆ ಮತ್ತೆ ಒತ್ತಿದರೆ ಸರಿಯಾಗಿ ಗೇರು ಇಳಿಯುವ ಕ್ಷಣದಲ್ಲೇ ಕಾರಿನ ತೂಕ ಹಿಂದೆ ಮುಂದೆ ಆಗುತ್ತದೆ, ಸಣ್ಣ ಜರ್ಕ್ ದೊಡ್ಡದಾಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಿಕೊಳ್ಳುವುದಂತೂ ಬೇಡವೇ ಬೇಡ. ಅದು ಕ್ಲಚ್ಚನ್ನು ಒಲೆ ಮೇಲೆ ಇಟ್ಟ ಹಾಗೆ.

@ತಿರುವುಪ್ರೇಮಿ, ಗಟ್ಟಿ ಒತ್ತಿ ಅನ್ನುವುದು ಹೊರಡುವಾಗ ಒಂದು ಮಟ್ಟಿಗೆ ಸರಿ, ಕ್ಲಚ್ ಬೇಗ ಹಿಡಿದು ಜಾರುವುದು ನಿಲ್ಲುತ್ತದೆ. ಆದರೆ ಮುಂದೆ ನಾಲ್ಕು ಮೀಟರ್ ಜಾಗ ಇರುವಲ್ಲಿ ಗಟ್ಟಿ ಒತ್ತಿ ಎಲ್ಲಿಗೆ ಹೋಗುವುದು?

---

ತಿರುವುಪ್ರೇಮಿ:

ಸರಿ ಸರಿ, ಒಪ್ಪಿದೆ. ನಾನು ಟ್ರಾಫಿಕ್‌ನಲ್ಲಿ ಆ ಕಾರು ತೆಗೆಯುವುದೇ ಅಪರೂಪ. ಒಲೆ ಮೇಲೆ ಇಟ್ಟ ಹಾಗೆ ಅನ್ನುವುದು ಮಾತ್ರ ನೆನಪಿಟ್ಟುಕೊಳ್ಳುತ್ತೇನೆ.

ಒಂದು ಪ್ರಶ್ನೆ ನನ್ನದೂ ಇದೆ. 1939ರಲ್ಲೇ ಅಡಾಲ್ಫ್ ಕೆಗ್ರೆಸ್ ಅನ್ನುವ ಫ್ರಾನ್ಸಿನ ಎಂಜಿನಿಯರ್ ಎರಡು ಕ್ಲಚ್ಚಿನ ಯೋಚನೆ ಮಾಡಿದ್ದ, 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ರಲ್ಲಿ ಅದು ಜನ ಕೊಳ್ಳುವ ಕಾರಿಗೆ ಬಂತು. ಇಷ್ಟು ವರ್ಷವಾದರೂ ಈ ತೆವಳುವ ಸಮಸ್ಯೆಯನ್ನು ಯಾರೂ ಬಗೆಹರಿಸಿಲ್ಲವಾ?

---

ಹಳೇಗೇರು:

ಬಗೆಹರಿಸುವುದಕ್ಕೆ ನೋಡಿದ್ದಾರೆ, ಕೆಲವರು ಸುತ್ತು ಹಾಕಿ ಹೋಗಿದ್ದಾರೆ. ಬಿಎಂಡಬ್ಲ್ಯು ನೋಡಿ, 2008ರ ಸುಮಾರಿಗೆ ಎಂ3ಗೆ 7 ಗೇರಿನ ಡಿಸಿಟಿ ಹಾಕಿತು, ಆಮೇಲೆ ಎಂ5ಗೂ ಬಂತು. ಎಫ್90 ಅನ್ನುವ ತಲೆಮಾರಿನ ಎಂ5 ಬರುವಷ್ಟರಲ್ಲಿ ಅದನ್ನು ಬಿಟ್ಟು 8 ಗೇರಿನ ಟಾರ್ಕ್ ಕನ್ವರ್ಟರ್‌ಗೆ ವಾಪಸ್ ಹೋಯಿತು, ಜಿ80 ತಲೆಮಾರಿನ ಎಂ3ಯದ್ದೂ ಅದೇ ದಾರಿ. ಹೊಸ ಕಾಲದ ಕನ್ವರ್ಟರ್ ಬಾಕ್ಸುಗಳು ಹೊರಟ ಸ್ವಲ್ಪ ಹೊತ್ತಿಗೇ ಲಾಕ್ ಆಗಿ ಎಣ್ಣೆಯ ಬದಲು ನೇರ ಜೋಡಿಯಾಗಿಬಿಡುತ್ತವೆ, ಗೇರನ್ನೂ ಸಾಕಷ್ಟು ಬೇಗ ಬದಲಿಸುತ್ತವೆ. ಹಾಗಾಗಿ ಡಿಸಿಟಿಯ ಲಾಭ ಮೊದಲಿನಷ್ಟು ದೊಡ್ಡದಾಗಿ ಉಳಿದಿಲ್ಲ. ತೆವಳುವಾಗ ಮೃದು ಅನ್ನುವುದು ಬೋನಸ್.

ಇನ್ನೊಂದು ದಾರಿ ಎಲೆಕ್ಟ್ರಿಕ್ ಮೋಟರ್. ಫೆರಾರಿ ಎಸ್ಎಫ್90ರಲ್ಲಿ 8 ಗೇರಿನ ಡಿಸಿಟಿ ಇದೆ, ಆದರೆ ರಿವರ್ಸ್ ಗೇರೇ ಇಲ್ಲ, ಹಿಂದೆ ಹೋಗುವುದು ಮುಂದಿನ ಚಕ್ರದ ಮೋಟರುಗಳಿಂದ. ಮೆಕ್ಲಾರೆನ್ ಆರ್ಟುರಾದಲ್ಲೂ ರಿವರ್ಸ್ ಕೆಲಸ ಮೋಟರಿನದೇ. ಮೋಟರ್ ಸೊನ್ನೆ ಆರ್‌ಪಿಎಂನಿಂದಲೇ ಎಳೆಯುತ್ತದೆ, ಕ್ಲಚ್ ಜಾರಿಸುವ ಗೊಡವೆ ಇಲ್ಲ. ನನ್ನ ಪ್ರಕಾರ ಡಿಸಿಟಿಗೆ ಸಿಕ್ಕ ನಿಜವಾದ ಎಡಗಾಲು ಅದೇ.

ಹಾಗಂತ ಡಿಸಿಟಿ ಸತ್ತಿಲ್ಲ. 2020ರ ಕಾರ್ವೆಟ್ ಸಿ8 ನೋಡಿ, ಮ್ಯಾನ್ಯುಯಲ್ ಇಲ್ಲವೇ ಇಲ್ಲ, ಟ್ರೆಮೆಕ್ ಕಂಪನಿಯ 8 ಗೇರಿನ ಡಿಸಿಟಿ ಒಂದೇ.

---

ಎರಡೇಪೆಡಲ್:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಭಾನುವಾರ ಬೆಳಿಗ್ಗೆ ಎರಡೂ ಪ್ರಯೋಗ ಮಾಡಿದೆ.

ಮೊದಲನೆಯದು: ನಡುಕ ಶುರುವಾಗುವುದು 2, 3 ಕಿ.ಮೀ. ವೇಗದಲ್ಲಿ, 6 ದಾಟಿದ ಮೇಲೆ ಸ್ವಿಚ್ ಆಫ್ ಮಾಡಿದ ಹಾಗೆ ನಿಲ್ಲುತ್ತದೆ. ಆರು ಸಲ ಮಾಡಿದೆ, ಆರೂ ಸಲ ಹಾಗೇ. ಎರಡನೆಯದು: 2ನೇ ಗೇರಿನಲ್ಲಿ ಪೆಡಲ್ ಬಿಟ್ಟು ಒತ್ತಿದರೆ 'ಟಕ್' ಬರುತ್ತದೆ!! ಗೇರು ಬದಲಾಗದೇ ಇದ್ದರೂ. ಅದನ್ನು ಕೇಳಿ ಒಂದು ಥರ ಖುಷಿಯೇ ಆಯಿತು, ವಿಚಿತ್ರ.

ಬ್ರೇಕ್ ಪಾದದ ಮಾತೂ ನಿಜ. ನಾನು ತೂಗುವವನೇ. ಗಟ್ಟಿ ಒತ್ತು, ಪೂರ್ತಿ ಬಿಡು ಅಂತ ಎರಡು ದಿನ ಓಡಿಸಿದೆ, ನಡುಕ ಹೋಗಲಿಲ್ಲ, ಆದರೆ ಬರುವ ಸಲ ಕಡಿಮೆಯಾಯಿತು. ಎಣ್ಣೆ ಯಾವಾಗ ಬದಲಿಸಿದ್ದು ಅಂತ ಹಳೇ ದಾಖಲೆಯಲ್ಲಿ ಎಲ್ಲೂ ಇಲ್ಲ.

ಇನ್ನೊಂದು ಕೇಳಬೇಕಿತ್ತು. ಬ್ಯಾಟರಿ ಕಳಚಿ ಹಾಕಿದರೆ ಗೇರ್‌ಬಾಕ್ಸ್ ಎಲ್ಲ ಹೊಸದಾಗಿ ಕಲಿಯುತ್ತದೆ ಅಂತ ಒಬ್ಬರು ಹೇಳಿದರು. ಮಾಡಲಾ?

---

ಹಳೇಗೇರು:

ಬೇಡ. ಬಹಳಷ್ಟು ಕಾರುಗಳಲ್ಲಿ ಬ್ಯಾಟರಿ ತೆಗೆದರೆ ಗೇರ್‌ಬಾಕ್ಸ್ ಕಲಿತದ್ದು ಅಳಿಸುವುದೇ ಇಲ್ಲ. ಅಳಿಸಿದರೂ ಸುಮ್ನೆ ಅಳಿಸಿ ಬಿಟ್ಟರೆ ಮೊದಲಿಗಿಂತ ಕೆಟ್ಟದಾಗಿ ಓಡುತ್ತದೆ. ಅದು ಕಲಿತಿರುವುದು ಏನು ಅಂದರೆ, ಕ್ಲಚ್ ಎಷ್ಟು ಒತ್ತಡಕ್ಕೆ ಮೊದಲು ಮುಟ್ಟುತ್ತದೆ ಅನ್ನುವುದು. ಟಚ್ ಪಾಯಿಂಟ್ ಅಂತಾರೆ, ಕೆಲವರು ಕಿಸ್ ಪಾಯಿಂಟ್ ಅಂತಲೂ. ಪ್ಲೇಟು ಸವೆದ ಹಾಗೆ ಅದು ಸರಿಯುತ್ತಾ ಹೋಗುತ್ತದೆ, ಕಂಪ್ಯೂಟರ್ ಹಿಂದೆ ಹಿಂದೆ ಹೋಗಿ ಲೆಕ್ಕ ತಿದ್ದಿಕೊಳ್ಳುತ್ತದೆ. ಲೆಕ್ಕ ಸ್ವಲ್ಪ ತಪ್ಪಿದ್ದರೆ ಬೇಗ ಹಿಡಿದು ಒದೆಯುತ್ತದೆ, ಇಲ್ಲ ತಡವಾಗಿ ಹಿಡಿದು ಎಂಜಿನ್ ಸುಮ್ನೆ ಕೂಗುತ್ತದೆ. ಮರುಕಲಿಕೆಯನ್ನು ಆ ಬಾಕ್ಸಿಗೆ ಸರಿಯಾದ ಉಪಕರಣ ಹಾಕಿ, ಎಣ್ಣೆ ಹೇಳಿದ ಉಷ್ಣತೆಗೆ ಬಂದ ಮೇಲೆ, ಹೇಳಿದ ಕ್ರಮದಲ್ಲಿ ಮಾಡಿಸಬೇಕು.

ಕ್ರಮವೂ ಮುಖ್ಯ. ಮೊದಲು ಮೌಂಟ್ ನೋಡಿಸಿ. ಬಾನೆಟ್ ಅಥವಾ ಎಂಜಿನ್ ಮುಚ್ಚಳ ತೆಗೆದು, ಬ್ರೇಕ್ ಗಟ್ಟಿ ಒತ್ತಿ ಡ್ರೈವ್‌ನಿಂದ ರಿವರ್ಸ್‌ಗೆ ಎರಡು ಮೂರು ಸಲ ಹಾಕಿದರೆ ಎಂಜಿನ್ ಜಾಸ್ತಿ ಹೊರಳುವುದಾದರೆ ಕಾಣಬಹುದು, ಆದರೆ ಬ್ರೇಕ್ ಒತ್ತಿದಾಗ ಡಿಸಿಟಿ ಕ್ಲಚ್ ಬಿಡುವುದರಿಂದ ಹೊರಳದಿದ್ದರೂ ಮೌಂಟ್ ಚೆನ್ನಾಗಿದೆ ಅಂತಲ್ಲ. ಕಾರಿನ ಮುಂದೆ ಹಿಂದೆ ಯಾರೂ ನಿಲ್ಲಬಾರದು, ಪಕ್ಕದಿಂದ ನೋಡಲಿ. ಆಮೇಲೆ ಎಣ್ಣೆ, ಫಿಲ್ಟರ್. ಆಮೇಲೆ ಸಾಫ್ಟ್‌ವೇರ್ ಹೊಸದು ಇದ್ದರೆ ಅದು. ಕೊನೆಗೆ ಮರುಕಲಿಕೆ. ಹಳೇ ಎಣ್ಣೆಯಲ್ಲಿ ಪಾಠ ಹೇಳಿಕೊಟ್ಟು ಆಮೇಲೆ ಎಣ್ಣೆ ಬದಲಿಸಿದರೆ ಏನು ಬಂತು?

ಇಷ್ಟೂ ಮಾಡಿದ ಮೇಲೂ ಅದೇ ನಡುಕ ಇದ್ದರೆ ಆಗ ಕ್ಲಚ್ ಪ್ಯಾಕ್ (ಕ್ಲಚ್ ಪ್ಲೇಟುಗಳ ಕಟ್ಟು) ಬಗ್ಗೆ ಮಾತಾಡೋಣ. ಯಾರಾದರೂ ಮೊದಲ ದಿನವೇ ಬಾಕ್ಸ್ ಬಿಚ್ಚೋಣ ಅಂದರೆ ಕೀ ವಾಪಸ್ ತೆಗೆದುಕೊಂಡು ಬನ್ನಿ.

---

ಎಣ್ಣೆಕೈ:

ಎಣ್ಣೆ ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡಿ. ಬಣ್ಣಕ್ಕಿಂತ ವಾಸನೆ ಮುಖ್ಯ. ಸುಟ್ಟ ವಾಸನೆ ಬಂದರೆ ಒಳ್ಳೆಯ ಸುದ್ದಿ ಅಲ್ಲ. ಎಣ್ಣೆಯಲ್ಲಿನ ಲೋಹದ ಪುಡಿ ಹಿಡಿಯುವ ಮ್ಯಾಗ್ನೆಟ್ ಮೇಲೆ ಬೂದಿಯಂಥ ನುಣುಪು ಪುಡಿ ಇದ್ದರೆ ಪರವಾಗಿಲ್ಲ, ಚೂರುಗಳಿದ್ದರೆ ಫೋಟೋ ತೆಗೆದು ಇಲ್ಲಿ ಹಾಕಿ.

---

ಎರಡೇಪೆಡಲ್:

ಮೂರು ವಾರ ಆಯಿತು, ಹೇಳದೆ ಹೋದರೆ ತಪ್ಪಾಗುತ್ತದೆ.

ಬೇರೆ ವರ್ಕ್‌ಶಾಪ್‌ಗೆ ಹೋದೆ. ಈ ಸಲ 'ಜರ್ಕ್' ಅನ್ನಲಿಲ್ಲ. 0ಯಿಂದ 6 ಕಿ.ಮೀ. ವೇಗದವರೆಗೆ ಬಿಸಿಯಾದಾಗ ನಡುಕ, 2ನೇ ಗೇರಿನಲ್ಲಿ ಪೆಡಲ್ ಬಿಟ್ಟಾಗ 'ಟಕ್', ಎರಡು ಸಾಲು ಬರೆದುಕೊಟ್ಟೆ. ಅವರು ನನ್ನನ್ನು ನೋಡಿದ ರೀತಿಯೇ ಬೇರೆ ಇತ್ತು.

'ಟಕ್' ಗೇರ್‌ಬಾಕ್ಸ್ ಮೌಂಟ್. ರಬ್ಬರ್ ಅರ್ಧಕ್ಕಿಂತ ಜಾಸ್ತಿ ಹರಿದು ಲೋಹಕ್ಕೆ ಲೋಹ ತಾಗುತ್ತಿತ್ತು. ಹೊರಗಿನಿಂದ ನೋಡಿದರೆ ಏನೂ ಕಾಣಿಸುತ್ತಿರಲಿಲ್ಲ, ಕೆಳಗಿನಿಂದ ಸ್ವಲ್ಪ ಮೇಲಕ್ಕೆ ಎತ್ತಿದಾಗ ಬಾಯಿ ಬಿಟ್ಟಿತು. ಹೊಸದು ಹಾಕಿದ ಮೇಲೆ ಆ ಶಬ್ದ ಇಲ್ಲವೇ ಇಲ್ಲ. 2ರಿಂದ 1ಕ್ಕೆ ಇಳಿಯುವ ಜರ್ಕ್ ಕೂಡ ಅರ್ಧಕ್ಕೆ ಬಂತು, ಅಂದರೆ ಇಷ್ಟು ದಿನ ಸಣ್ಣ ಜರ್ಕನ್ನು ಆ ಸಡಿಲ ಮೌಂಟ್ ದೊಡ್ಡದು ಮಾಡಿ ನನಗೆ ಕೊಡುತ್ತಿತ್ತು.

ಎಣ್ಣೆ ಕಪ್ಪಾಗಿತ್ತು, ಸುಟ್ಟ ವಾಸನೆ ಇರಲಿಲ್ಲ, ಮ್ಯಾಗ್ನೆಟ್ ಮೇಲೆ ಬೂದಿ ಮಾತ್ರ. ಲೆವೆಲ್ ಸರಿಯಾಗೇ ಇತ್ತು, @ಎಣ್ಣೆಕೈ ಕ್ಷಮಿಸಿ. ಹೊಸ ಎಣ್ಣೆ, ಫಿಲ್ಟರ್, ಆಮೇಲೆ ಮರುಕಲಿಕೆ. ಮೊದಲ ದಿನ ಇನ್ನೂ ನಡುಗುತ್ತಿತ್ತು, ದುಡ್ಡು ನೀರಿಗೆ ಹಾಕಿದೆ ಅಂದುಕೊಂಡೆ. ನೂರೈವತ್ತು ಕಿ.ಮೀ. ಆಗುವಷ್ಟರಲ್ಲಿ ತಾನಾಗಿಯೇ ಕಡಿಮೆಯಾಗುತ್ತಾ ಬಂತು, ಈಗ ಒಂದು ಗಂಟೆ ತೆವಳಿದ ಮೇಲೆ ಎಲ್ಲೋ ಒಮ್ಮೆ.

ಬೆಳಗಿನ ಒರಟುತನ ಹಾಗೇ ಇದೆ. ಮೊದಲ ಐದು ನಿಮಿಷ ಮೆತ್ತಗೆ ಓಡಿಸುತ್ತೇನೆ, ಅಷ್ಟೇ. 2ರಿಂದ 1ಕ್ಕೆ ಉಳಿದಿರುವ ಆ ಸಣ್ಣ ತಳ್ಳು ಪಕ್ಕದಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ನನಗೆ ಮಾತ್ರ ಗೊತ್ತಾಗುತ್ತದೆ, 13, 12, 11 ಅಂತ ಎಣಿಸುತ್ತಾ ಕೂತಿರುತ್ತೇನಲ್ಲ.

---

ಹಳೇಗೇರು:

ಹಳೇ ಮೌಂಟ್ ಬಿಸಾಡಿಲ್ಲ ತಾನೇ? ಫೋಟೋ ಹಾಕಿ.